ಅಂಚೆ ವೆಚ್ಚ ಯಾರ ಪಾಲಿಗೆ?

(ಸಂಘದ ವಿದ್ಯಾರ್ಥಿ ಮಾರ್ಗದರ್ಶನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ವಿದ್ಯಾರ್ಥಿವೇತನದ ಬಗ್ಗೆ, ಸ್ಪರ್ಧಾತ್ಮಕ ಪರೀಕ್ಷೆಗಳ ಬಗ್ಗೆ ನನಗಿಂತ ಬಲ್ಲವರು ಈಗಾಗಲೇ ಮಾತನಾಡಿದ್ದಾರೆ. ನನ್ನ ಪಾಲಿಗೆ ಬಂದಿರುವ ವಿಷಯ ಚಿಕ್ಕದು. ಆನ್‌ಲೈನ್‌ನಲ್ಲಿ ವಸ್ತುಗಳನ್ನು ಕೊಳ್ಳುವಾಗ, ಮಾರುವಾಗ ಅಂಚೆ ವೆಚ್ಚದ ಬಗ್ಗೆ ಹುಟ್ಟಿಕೊಳ್ಳುವ ಜಗಳ. ಇದೂ ಒಂದು ಉಪನ್ಯಾಸದ ವಿಷಯವೇ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ಆದರೆ ಹಳೆಯ ಗೈಡುಗಳನ್ನು, ಬಿ.ಇಡಿ., ಪಿ.ಯು.ಸಿ. ಪುಸ್ತಕಗಳನ್ನು ಫೋನಿನಲ್ಲೇ ಕೊಂಡು ಮಾರುವ ವಿದ್ಯಾರ್ಥಿಗಳು ಇಂದು ಎಲ್ಲ ತರಗತಿಗಳಲ್ಲೂ ಇದ್ದಾರೆ. ಮನೆಯಲ್ಲಿ ಕಸೂತಿ ಹಾಕಿ, ದಿಂಬಿನ ಕವರು ಹೊಲಿದು ಹೊರ ಊರಿಗೆ ಕಳಿಸುವ ತಾಯಂದಿರೂ ಇದ್ದಾರೆ. ಇವರು ನನ್ನ ಬಳಿ ತರುವ ದೂರುಗಳಲ್ಲಿ ವಸ್ತು ಕೆಟ್ಟದ್ದಾಗಿತ್ತು ಎಂಬ ದೂರಿಗಿಂತ ಕಳಿಸುವ ಖರ್ಚಿನ ದೂರೇ ಹೆಚ್ಚು. ಐವತ್ತು ನೂರು ರೂಪಾಯಿಯ ಮಾತು. ಆದರೆ ಅಷ್ಟಕ್ಕೇ ವ್ಯವಹಾರ ಮುರಿಯುತ್ತದೆ, ಪುಸ್ತಕ ಪರೀಕ್ಷೆಯ ಹೊತ್ತಿಗೆ ಕೈಗೆ ಸಿಗುವುದಿಲ್ಲ.

ದೆಹಲಿಯಿಂದಲೋ ಹೈದರಾಬಾದಿನಿಂದಲೋ ಉರ್ದು ಪುಸ್ತಕ ತರಿಸಿಕೊಳ್ಳುತ್ತಿದ್ದ ಹಿರಿಯರಿಗೆ ಬೆಲೆಪಟ್ಟಿಯ ಕೆಳಗಿನ ಒಂದು ಸಾಲು ನೆನಪಿರಬಹುದು. "ಮಹಸೂಲ್-ಎ-ಡಾಕ್ ಬ-ಜಿಮ್ಮಾ-ಎ-ಖರೀದಾರ್." ಅಂಚೆಯ ಖರ್ಚು ಕೊಳ್ಳುವವರ ಜವಾಬ್ದಾರಿ ಎಂದು ಅರ್ಥ. ಕನ್ನಡ ಪ್ರಕಾಶಕರು ಇದನ್ನೇ "ಅಂಚೆ ವೆಚ್ಚ ಪ್ರತ್ಯೇಕ" ಎಂದು ಅಚ್ಚು ಹಾಕುತ್ತಿದ್ದರು. ಒಂದೇ ಸಾಲು, ಅದೂ ಪುಸ್ತಕ ಕೇಳುವ ಮೊದಲೇ ಕಣ್ಣಿಗೆ ಬೀಳುವ ಸಾಲು. ಬೇಕಾದವರು ತರಿಸಿಕೊಂಡರು, ಬೇಡವಾದವರು ಬಿಟ್ಟರು. ಇಂದಿನ ಫೋನಿನ ವ್ಯಾಪಾರದಲ್ಲಿ ಕಾಣೆಯಾಗಿರುವುದು ಈ ಒಂದು ಸಾಲು.

ಅಂಚೆಯ ಇತಿಹಾಸದಲ್ಲಿಯೂ ಈ ಪ್ರಶ್ನೆ ಹಳೆಯದು. ಬ್ರಿಟನ್ನಿನಲ್ಲಿ 1840ರಲ್ಲಿ ಅಂಚೆಚೀಟಿ ಬರುವವರೆಗೆ ಸಾಮಾನ್ಯವಾಗಿ ಪತ್ರ ಪಡೆಯುವವರೇ ಹಣ ಕೊಡಬೇಕಾಗಿತ್ತು. ಅವರು ಬೇಡವೆಂದರೆ ಅಂಚೆಯವರ ಶ್ರಮ ವ್ಯರ್ಥ. ಮೊದಲೇ ಹಣ ಕಟ್ಟಿ ಚೀಟಿ ಅಂಟಿಸುವ ಕ್ರಮ ಬಂದ ಮೇಲೆ ಆ ತಕರಾರು ಕಡಿಮೆಯಾಯಿತು. ನಮ್ಮ ದೇಶದಲ್ಲಿ 1854ರಲ್ಲಿ ದೂರದ ಲೆಕ್ಕ ಬಿಟ್ಟು ತೂಕದ ಲೆಕ್ಕದಲ್ಲಿ ಪತ್ರಗಳಿಗೆ ದೇಶಕ್ಕೆಲ್ಲ ಒಂದೇ ದರ ಬಂತು. 1877ರಲ್ಲಿ ವಿ.ಪಿ.ಪಿ. ಬಂತು. ವಸ್ತು ಮನೆ ಬಾಗಿಲಿಗೆ ಬಂದಾಗ ಅಂಚೆಯವರ ಕೈಗೆ ಹಣ ಕೊಟ್ಟು ಬಿಡಿಸಿಕೊಳ್ಳುವ ಏರ್ಪಾಡು. ಇಂದು ನೀವು ಕ್ಯಾಶ್ ಆನ್ ಡೆಲಿವರಿ ಎನ್ನುವುದರ ಅಜ್ಜ ಇದು. ವಿ.ಪಿ.ಪಿ. ತರಿಸಿ, ಬಂದಾಗ "ಬೇಡ" ಎಂದು ತಿರುಗಿಸುವವರು ಆಗಲೂ ಇದ್ದರು. ಹೋಗುವ ಖರ್ಚನ್ನು ಕಳಿಸಿದ ಪುಸ್ತಕದಂಗಡಿಯವರೇ ಹೊತ್ತುಕೊಂಡು, ತಿರುಗಿ ಬಂದ ಕಟ್ಟನ್ನು ಬಿಚ್ಚಿಡಬೇಕಾಗಿತ್ತು.

ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರಾಟದಿಂದಲೇ ಆರಂಭವಾದ ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂದಾಗ ಈ ಹಳೆಯ ತೊಂದರೆಯೂ ಜೊತೆಯಲ್ಲೇ ಬಂತು. ದೊಡ್ಡ ಕಂಪನಿಗಳು ಆ ನಷ್ಟವನ್ನು ಎಲ್ಲ ಗಿರಾಕಿಗಳ ಮೇಲೂ ಹಂಚಬಲ್ಲವು. ಮನೆಯಲ್ಲಿ ಹೊಲಿದು ಮಾರುವ ತಾಯಿ ಯಾರ ಮೇಲೆ ಹಂಚಬೇಕು? ಗಿರಾಕಿಗಳಾದ ನಾವು ಇದನ್ನೂ ಸ್ವಲ್ಪ ಯೋಚಿಸಬೇಕು.

ಹಾಗೆಂದು ಮಾರುವವರೆಲ್ಲ ಮುಗ್ಧರೆಂದು ಹೇಳುತ್ತಿಲ್ಲ. ಅಮೆರಿಕದ ಇಬೇ ಎಂಬ ತಾಣ 1995ರಲ್ಲಿ ಆರಂಭವಾಯಿತು. ಸಾಮಾನ್ಯ ಜನರೇ ತಮ್ಮ ವಸ್ತುಗಳನ್ನು ಅಲ್ಲಿ ಹರಾಜಿಗಿಡುತ್ತಿದ್ದರು. ತಾಣದವರು ಮಾರಾಟವಾದ ಬೆಲೆಯ ಮೇಲೆ ಕಮಿಷನ್ ಹಿಡಿಯುತ್ತಿದ್ದರು, ಅಂಚೆ ವೆಚ್ಚದ ಮೇಲೆ ಹಿಡಿಯುತ್ತಿರಲಿಲ್ಲ. ಮುಂದೇನಾಗುತ್ತದೆ ಎಂಬುದನ್ನು ನೀವೇ ಊಹಿಸಬಲ್ಲಿರಿ. ವಸ್ತುವಿನ ಬೆಲೆ ಒಂದು ಡಾಲರ್, ಅಂಚೆ ವೆಚ್ಚ ಇಪ್ಪತ್ತು ಡಾಲರ್ ಎಂಬಂಥ ಜಾಣತನ. ಅಗ್ಗದ ಬೆಲೆ ನೋಡಿ ಬಂದ ಗಿರಾಕಿ ಕೊನೆಯಲ್ಲಿ ಅಂಚೆಯ ಹೆಸರಿನಲ್ಲಿ ಹಣ ಕಳೆದುಕೊಳ್ಳುತ್ತಿದ್ದ, ತಾಣಕ್ಕೂ ಕಮಿಷನ್ ತಪ್ಪುತ್ತಿತ್ತು. 2011ರ ಜುಲೈಯಿಂದ ಅಮೆರಿಕದಲ್ಲಿ ಇಬೇ ಅಂಚೆ ವೆಚ್ಚವನ್ನೂ ಸೇರಿಸಿದ ಮೊತ್ತದ ಮೇಲೆ ಕಮಿಷನ್ ಹಾಕತೊಡಗಿತು. ಜಾಣರ ದಾರಿ ಮುಚ್ಚಿತು. ಆದರೆ ಅಂಚೆಗೆ ಎಷ್ಟು ಖರ್ಚೋ ಅಷ್ಟನ್ನೇ ಕೇಳುತ್ತಿದ್ದ ಪ್ರಾಮಾಣಿಕರೂ ಅಂದಿನಿಂದ ಅಂಚೆ ವೆಚ್ಚದ ಮೇಲೆ ಕಮಿಷನ್ ತೆರಬೇಕಾಯಿತು. ಕೆಲವರ ಜಾಣತನಕ್ಕೆ ಎಲ್ಲರೂ ದಂಡ ಕಟ್ಟುವುದು ನಮ್ಮ ಶಾಲೆಗಳಲ್ಲಿಯೂ ನಡೆಯುತ್ತದೆ, ಬಿಡಿ.

ನಮ್ಮಲ್ಲಿ ಈ ಜಾಣತನದ ರೂಪ ಬೇರೆ. ಮೊದಲ ಪುಟದಲ್ಲಿ 99 ರೂಪಾಯಿ ಎಂದಿರುತ್ತದೆ. ವಿಳಾಸ ತುಂಬಿ, ಫೋನ್ ನಂಬರ್ ಕೊಟ್ಟು, ಕೊನೆಯ ಪುಟಕ್ಕೆ ಬಂದಾಗ ಡೆಲಿವರಿ, ಹ್ಯಾಂಡ್ಲಿಂಗ್ ಎಂದು ಒಂದೊಂದೇ ಸೇರಿ ಮೊತ್ತ ಇಮ್ಮಡಿಯಾಗಿರುತ್ತದೆ. ಇಷ್ಟೆಲ್ಲ ತುಂಬಿದ ಮೇಲೆ ಇನ್ನೇನು ಬಿಡುವುದು ಎಂದು ನಾವು ಬಟನ್ ಒತ್ತಿಬಿಡುತ್ತೇವೆ. ಹೀಗೆ ಹನಿಹನಿಯಾಗಿ ಬೆಲೆ ಏರಿಸುವುದಕ್ಕೆ ಡ್ರಿಪ್ ಪ್ರೈಸಿಂಗ್ ಎಂದು ಹೆಸರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಹೆಸರಿಸಿದ 13 ಬಗೆಯ ಮೋಸದ ವಿನ್ಯಾಸಗಳಲ್ಲಿ ಇದೂ ಒಂದು. ಅದಕ್ಕೂ ಮೊದಲೇ, 2020ರ ಜುಲೈಯಲ್ಲಿ ಬಂದ ಇ-ಕಾಮರ್ಸ್ ನಿಯಮಗಳು ತಾಣದಲ್ಲಿ ಮಾರುವವರು ಒಟ್ಟು ಬೆಲೆಯನ್ನು ಒಂದೇ ಮೊತ್ತವಾಗಿ ತೋರಿಸಬೇಕು, ಅದರಲ್ಲಿ ಡೆಲಿವರಿ ಎಷ್ಟು, ಅಂಚೆ ಮತ್ತು ಹ್ಯಾಂಡ್ಲಿಂಗ್ ಎಷ್ಟು, ತೆರಿಗೆ ಎಷ್ಟು ಎಂದು ಬಿಡಿಸಿಯೂ ಹೇಳಬೇಕು ಎಂದು ವಿಧಿಸಿವೆ. ವಸ್ತು ಹಿಂದಿರುಗಿಸುವ ಖರ್ಚಿನ ವಿವರವನ್ನೂ ಸ್ಪಷ್ಟವಾಗಿ ತಿಳಿಸಬೇಕು.

ಇನ್ನು ಖರ್ಚು ನಿಜವಾಗಿ ಎಷ್ಟಾಗುತ್ತದೆ ಎಂಬ ವಿಷಯ. ಜಗಳಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ಮೋಸದಿಂದಲ್ಲ, ಊಹೆಯಿಂದ. ಮಾರುವವರು ತೂಗಿ ನೋಡುವುದಿಲ್ಲ, ಕೊಳ್ಳುವವರು ದರ ಕೇಳುವುದಿಲ್ಲ. ಇಬ್ಬರ ತಲೆಯಲ್ಲೂ ಒಂದೊಂದು ಸಂಖ್ಯೆ ಇರುತ್ತದೆ.

ಕೊರಿಯರ್‌ನವರು ಎರಡು ತೂಕ ನೋಡುತ್ತಾರೆ. ಒಂದು ತಕ್ಕಡಿಯ ತೂಕ. ಇನ್ನೊಂದು ಡಬ್ಬಿಯ ಗಾತ್ರದ ತೂಕ. ಡಬ್ಬಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದದ್ದು ಕಿಲೋ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ಗಣಿತ ಬಲ್ಲ ವಿದ್ಯಾರ್ಥಿಗಳು ಈಗಲೇ ಲೆಕ್ಕ ಹಾಕಿ. 40, 30, 20 ಸೆಂಟಿಮೀಟರಿನ ಡಬ್ಬಿಯಲ್ಲಿ ಹತ್ತಿಯ ಎರಡು ದಿಂಬು ಇಟ್ಟಿದ್ದೀರಿ. ತಕ್ಕಡಿಯಲ್ಲಿ ಒಂದೂಕಾಲು ಕಿಲೋ. ಗುಣಿಸಿದರೆ 24,000, ಭಾಗಿಸಿದರೆ 4.8. ಕೊರಿಯರ್‌ನವರು ಸುಮಾರು ಐದು ಕಿಲೋದ ಹಣ ಕೇಳುತ್ತಾರೆ. ಒಂದೂಕಾಲು ಕಿಲೋ ಲೆಕ್ಕದಲ್ಲಿ ಗಿರಾಕಿಗೆ ಮಾತು ಕೊಟ್ಟ ತಾಯಿ ಆ ವ್ಯತ್ಯಾಸವನ್ನು ತನ್ನ ಕೂಲಿಯಿಂದ ತುಂಬಬೇಕು, ಇಲ್ಲವೇ ಆಮೇಲೆ ಫೋನ್ ಮಾಡಿ ಕೇಳಿ "ಮಾತು ತಪ್ಪಿದವಳು" ಎನಿಸಿಕೊಳ್ಳಬೇಕು. ದಿಂಬನ್ನು ಅದುಮಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ಗಾತ್ರ ಇಳಿಯುತ್ತದೆ, ಹಣವೂ ಇಳಿಯುತ್ತದೆ. ಪುಸ್ತಕಕ್ಕೆ ಈ ತೊಂದರೆ ಕಡಿಮೆ. ಅದು ಚಿಕ್ಕ ಗಾತ್ರದಲ್ಲಿಯೇ ಭಾರ.

ಪುಸ್ತಕದ ವಿಷಯ ಬಂದಿದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ಪುಸ್ತಕಗಳನ್ನು ಕಡಿಮೆ ದರದಲ್ಲಿ ಕಳಿಸಲು ನೆರವಾಗುತ್ತಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿತು. ಸಣ್ಣ ಪ್ರಕಾಶಕರು, ಓದುಗರು ಬಹಳ ಬೇಸರಪಟ್ಟರು. ಆಮೇಲೆ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಎಂಬ ಸೇವೆ ಬಂತು. ಆರಂಭವಾದಾಗ ಅದರ ದರ 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋವರೆಗೆ 100 ರೂಪಾಯಿ, ಮೇಲೆ ತೆರಿಗೆ. ಶೈಕ್ಷಣಿಕ, ಸಾಂಸ್ಕೃತಿಕ, ಧಾರ್ಮಿಕ ಮುದ್ರಿತ ಪುಸ್ತಕಗಳಿಗೆ ಇದು ಅನ್ವಯ. ರಸ್ತೆ, ರೈಲಿನಲ್ಲಿ ಹೋಗುವುದರಿಂದ ನಿಧಾನ, ಆದರೆ ಪಾರ್ಸೆಲ್ ಎಲ್ಲಿದೆ ಎಂದು ನೋಡಬಹುದು. ಅವಸರವಿದ್ದರೆ ಸ್ಪೀಡ್ ಪೋಸ್ಟ್. 2025ರ ಅಕ್ಟೋಬರ್ 1ರ ದರದಂತೆ 51ರಿಂದ 250 ಗ್ರಾಂವರೆಗಿನ ದಾಖಲೆಯ ಕಟ್ಟಿಗೆ ಊರೊಳಗೆ 24 ರೂಪಾಯಿ, ಹೊರ ಊರಿಗೆ ದೂರಕ್ಕೆ ತಕ್ಕಂತೆ 59ರಿಂದ 77, ಮೇಲೆ ತೆರಿಗೆ. ಅದೇ ಪ್ರಕಟಣೆಯಲ್ಲಿ ವಿದ್ಯಾರ್ಥಿಗಳಿಗೆ ಸ್ಪೀಡ್ ಪೋಸ್ಟ್ ದರದಲ್ಲಿ ಶೇಕಡಾ 10 ರಿಯಾಯಿತಿ ಘೋಷಿಸಲಾಗಿದೆ. ಗುರುತಿನ ಚೀಟಿ ಜೇಬಿನಲ್ಲಿಟ್ಟುಕೊಂಡು ಕೌಂಟರಿನಲ್ಲಿ ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಇನ್ನು ಒಂದು ಪ್ರಸಂಗ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಿ.ಇಡಿ.ಗೆ ಸೇರಿದಳು. ತಂದೆ ಗ್ಯಾರೇಜಿನಲ್ಲಿ ಕೆಲಸ ಮಾಡುವವರು. ಹೊಸ ಪುಸ್ತಕ ಕೊಳ್ಳಲು ಸಾಧ್ಯವಿಲ್ಲದೆ, ಬೇರೆ ಜಿಲ್ಲೆಯಲ್ಲಿ ಬಿ.ಇಡಿ. ಮುಗಿಸಿದ್ದ ಒಬ್ಬಾಕೆಯಿಂದ ಎಂಟು ಪುಸ್ತಕಗಳನ್ನು 600 ರೂಪಾಯಿಗೆ ಫೋನಿನಲ್ಲೇ ಮಾತಾಡಿಕೊಂಡಳು. ಹಣವನ್ನೂ ಕೂಡಲೇ ಕಳಿಸಿದಳು. ಎರಡು ದಿನ ಬಿಟ್ಟು ಸಂದೇಶ ಬಂತು: "ಕೊರಿಯರ್, ಪ್ಯಾಕಿಂಗ್ ಸೇರಿ 340 ಆಗಿದೆ, ಕಳಿಸಮ್ಮ." ಇವಳು "ಆಪಾ, 600 ಅಂತ ಅಲ್ವಾ ನೀವು ಹೇಳಿದ್ದು? ಎಲ್ಲಾ ಸೇರಿ ಅಂದುಕೊಂಡೆ" ಎಂದಳು. ಅವರು "ಪುಸ್ತಕದ ಬೆಲೆ ಹೇಳಿದ್ದೆ, ಲಾರಿ ಬಾಡಿಗೆ ಅಲ್ಲ" ಎಂದು ಖಾರವಾಗಿ ಬರೆದರು. ಇವಳೂ ಸುಮ್ಮನಿರಲಿಲ್ಲ. ಆ ಕಡೆಯವರು ಕಟ್ಟನ್ನು ಕೊರಿಯರ್‌ಗೆ ಕೊಡದೆ ಮನೆಯಲ್ಲೇ ಇಟ್ಟುಕೊಂಡರು. ಮೂರು ವಾರ ಕಳೆಯಿತು. ಕಿರುಪರೀಕ್ಷೆಗೆ ಹುಡುಗಿ ಗೆಳತಿಯ ಪುಸ್ತಕ ಎರವಲು ಪಡೆದು ರಾತ್ರಿ ಓದಿದಳು. ವಿಷಯ ನನ್ನ ಕಿವಿಗೆ ಬಿದ್ದದ್ದು ಆಮೇಲೆ.

ನಾನು ಇಬ್ಬರಿಗೂ ಫೋನ್ ಮಾಡಿದೆ. ಕೊರಿಯರ್‌ನವರು ಕೇಳಿದ್ದು 290, ಡಬ್ಬಿ ಮತ್ತು ಆಟೋಕ್ಕೆ 50. ಸುಳ್ಳು ಲೆಕ್ಕವಲ್ಲ. ಕಟ್ಟಿನ ತೂಕ ನಾಲ್ಕು ಕಿಲೋದ ಒಳಗೆ. ಜ್ಞಾನ ಪೋಸ್ಟ್‌ನಲ್ಲಿ ನೂರು ರೂಪಾಯಿಯೊಳಗೆ ಹೋಗುತ್ತಿತ್ತು, ಆದರೆ ಅವರ ಊರಿನಲ್ಲಿ ಯಾರೂ ಅವರಿಗೆ ಅದನ್ನು ಹೇಳಿರಲಿಲ್ಲ. ಇಬ್ಬರಲ್ಲಿ ಯಾರೂ ಮೋಸಗಾರರಲ್ಲ. 600 ಎಂದಾಗ ಒಬ್ಬರು ಪುಸ್ತಕದ ಬೆಲೆ ಎಂದುಕೊಂಡರು, ಇನ್ನೊಬ್ಬರು ಮನೆ ತಲುಪುವ ಬೆಲೆ ಎಂದುಕೊಂಡರು. 340 ರೂಪಾಯಿ ಎಂಬ ಮಾತು ಹಣ ಕೈ ಸೇರುವ ಮೊದಲು ಬಂದಿದ್ದರೆ ಚೌಕಾಸಿಯಾಗುತ್ತಿತ್ತು. ಹಣ ಕೈ ಸೇರಿದ ಮೇಲೆ ಬಂದಿದ್ದರಿಂದ ವಂಚನೆಯಂತೆ ಕಂಡಿತು.

ಈ ಪ್ರಸಂಗಕ್ಕೆ ಕಾನೂನು ಏನು ಹೇಳುತ್ತದೆ ಎಂದು ಕೆಲವರು ಕೇಳಬಹುದು. ಇ-ಕಾಮರ್ಸ್ ನಿಯಮಗಳು ಇಲ್ಲಿ ಹೆಚ್ಚು ಸಹಾಯಕ್ಕೆ ಬರುವುದಿಲ್ಲ. ವ್ಯಾಪಾರವೆಂದಲ್ಲದೆ, ಸ್ವಂತದ ಹಳೆಯ ವಸ್ತುವನ್ನು ಯಾವಾಗಲೋ ಒಮ್ಮೆ ಮಾರುವ ವ್ಯಕ್ತಿಗೆ ಅವು ಅನ್ವಯಿಸುವುದಿಲ್ಲ. ಆದರೆ 1930ರ ಸರಕು ಮಾರಾಟ ಕಾಯಿದೆ ಇದೆ. ಬೇರೆ ಒಪ್ಪಂದವಿಲ್ಲದಿದ್ದರೆ, ಮಾರಾಟದ ಸಮಯದಲ್ಲಿ ಸರಕು ಎಲ್ಲಿದೆಯೋ ಅಲ್ಲಿಯೇ ಅದನ್ನು ಒಪ್ಪಿಸಬೇಕು ಎಂದು ಅದರ 36ನೆಯ ಕಲಮು ಹೇಳುತ್ತದೆ. ಅಂದರೆ ಅಲ್ಲಿಂದ ಸಾಗಿಸುವ ಖರ್ಚು ಸಾಮಾನ್ಯವಾಗಿ ಕೊಳ್ಳುವವರ ಪಾಲಿಗೆ ಬರುತ್ತದೆ. ಅದೇ ಕಲಮಿನಲ್ಲಿ, ಸರಕನ್ನು ಒಪ್ಪಿಸುವ ಸ್ಥಿತಿಗೆ ತರುವ ಖರ್ಚು ಮಾರುವವರದು ಎಂದೂ ಇದೆ. ಡಬ್ಬಿ, ಅಂಟುಪಟ್ಟಿ ಈ ಲೆಕ್ಕಕ್ಕೆ ಬರುತ್ತವೆ ಎಂದು ನಾನು ತಿಳಿದಿದ್ದೇನೆ. ಇದನ್ನು ಇಬ್ಬರಿಗೂ ಓದಿ ಹೇಳಿದೆ. 290 ಹುಡುಗಿಯದು, 50 ಅವರದು ಎಂದು ತೀರ್ಮಾನವಾಯಿತು. ಅವರು ಮತ್ತೆ ಯೋಚಿಸಿ ಅಂಚೆ ಕಚೇರಿಗೇ ಹೋಗಿ ಜ್ಞಾನ ಪೋಸ್ಟ್‌ನಲ್ಲಿ ಕಳಿಸಿದರು. 290 ಹೋಗಿ ನೂರರೊಳಗೆ ಬಂತು. ಪುಸ್ತಕ ಬಂದು ತಲುಪಿದಾಗ ಕಿರುಪರೀಕ್ಷೆ ಮುಗಿದಿತ್ತು, ಮುಖ್ಯ ಪರೀಕ್ಷೆಗೆ ಒದಗಿತು.

ಆದ್ದರಿಂದ ಮಾರುವ ಗೆಳೆಯರೇ, ಫೋಟೋ ಹಾಕುವ ಮೊದಲು ವಸ್ತುವನ್ನು ಕಟ್ಟಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಾದರೂ ತೂಗಿ. "ಪುಸ್ತಕ 600, ಜ್ಞಾನ ಪೋಸ್ಟ್‌ಗೆ ಇಷ್ಟು, ಒಟ್ಟು ಇಷ್ಟು" ಎಂದು ಮೊದಲ ಸಂದೇಶದಲ್ಲಿಯೇ ಬರೆಯಿರಿ. ಆಟೋ ಖರ್ಚು, ಡಬ್ಬಿಯ ಖರ್ಚು ಬೇಕಿದ್ದರೆ ವಸ್ತುವಿನ ಬೆಲೆಯಲ್ಲಿಯೇ ಸೇರಿಸಿ. ಅಂಚೆ ಎಂಬ ಹೆಸರಿನಲ್ಲಿ ಅಂಚೆಗೆ ಕೊಟ್ಟದ್ದನ್ನು ಮಾತ್ರ ಕೇಳಿ, ರಸೀದಿಯ ಫೋಟೋ ಕಳಿಸಿ. ಕೊಳ್ಳುವವರೇ, "ಕೊನೆಗೆ ನನ್ನ ಮನೆಗೆ ತಲುಪಲು ಒಟ್ಟು ಎಷ್ಟು?" ಎಂಬ ಒಂದು ಪ್ರಶ್ನೆ ಕೇಳದೆ ಹಣ ಕಳಿಸಬೇಡಿ. ಫೋನಿನಲ್ಲಿ ಮಾತಾಡಿದರೂ ಮೊತ್ತವನ್ನು ಬರೆದು ಕಳಿಸಲು ಹೇಳಿ. ನಾಚಿಕೆ ಬೇಡ. ನಮ್ಮಲ್ಲಿ ಹಣದ ಮಾತು ಬಾಯಿಬಿಟ್ಟು ಕೇಳುವುದೇ ಸಣ್ಣತನ ಎಂಬ ಭಾವನೆ ಇದೆ. ಮೊದಲು ಕೇಳಲು ನಾಚಿದವರೇ ಆಮೇಲೆ ದೊಡ್ಡ ದನಿಯಲ್ಲಿ ಜಗಳವಾಡುವುದನ್ನು ನಾನು ಕಂಡಿದ್ದೇನೆ.

ಹಿಂದಿರುಗಿಸುವ ಖರ್ಚಿನ ಬಗ್ಗೆ ಸ್ವಲ್ಪ ಹೇಳಬೇಕು. ಮನಸ್ಸು ಬದಲಾಗಿ ಹಿಂದಿರುಗಿಸುವುದು ಬೇರೆ, ಹೇಳಿದ ವಸ್ತು ಬಾರದೆ ಹಿಂದಿರುಗಿಸುವುದು ಬೇರೆ. ಮೊದಲನೆಯದರಲ್ಲಿ ಖರ್ಚು ನಿಮ್ಮದಾಗಬಹುದು. ಎರಡನೆಯದರಲ್ಲಿ, ತಾಣದ ಮೂಲಕ ಮಾರುವವರು ದೋಷವಿರುವ ಅಥವಾ ವಿವರಣೆಗೆ ಹೊಂದದ ವಸ್ತುವನ್ನು ವಾಪಸ್ ತೆಗೆದುಕೊಳ್ಳಲು ನಿರಾಕರಿಸುವಂತಿಲ್ಲ. ಸರಕು ಮಾರಾಟ ಕಾಯಿದೆಯ 43ನೆಯ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಿರಾಕರಿಸುವ ಹಕ್ಕಿರುವ ಕೊಳ್ಳುವವರು, ಬೇರೆ ಒಪ್ಪಂದವಿಲ್ಲದಿದ್ದರೆ, ಸರಕನ್ನು ತಾವೇ ವಾಪಸ್ ಕಳಿಸಬೇಕಾಗಿಲ್ಲ, ನಿರಾಕರಿಸಿದ್ದೇನೆ ಎಂದು ತಿಳಿಸಿದರೆ ಸಾಕು. "ನಿಮ್ಮ ಖರ್ಚಿನಲ್ಲಿ ವಾಪಸ್ ಕಳಿಸಿ, ಆಮೇಲೆ ನೋಡೋಣ" ಎನ್ನುವವರಿಗೆ ಇದನ್ನು ತೋರಿಸಬಹುದು. ಕಟ್ಟು ಬಿಚ್ಚುವಾಗ ಫೋನಿನಲ್ಲಿ ವಿಡಿಯೋ ಮಾಡಿಕೊಂಡಿದ್ದರೆ ವಾದ ಬೇಗ ಮುಗಿಯುತ್ತದೆ.

ತಾಣದವರು ಕೇಳದಿದ್ದರೆ ಮೊದಲು ಅವರ ದೂರು ಅಧಿಕಾರಿಗೆ ಬರೆಯಿರಿ. 48 ಗಂಟೆಯೊಳಗೆ ದೂರು ತಲುಪಿದೆ ಎನ್ನಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ, ನೀವು ವಾಸವಿರುವ ಜಿಲ್ಲೆಯಲ್ಲಿಯೇ ಸಲ್ಲಿಸಬಹುದು. ಎರಡು ವರ್ಷದ ಅವಧಿ ಮೀರಬಾರದು. ನೂರು ರೂಪಾಯಿಗೆ ಇಷ್ಟು ದೂರ ಹೋಗಬೇಕೇ ಎಂಬುದನ್ನು ನೀವೇ ತೀರ್ಮಾನಿಸಿ. ನನ್ನ ಮಟ್ಟಿಗೆ 1915ಕ್ಕೆ ಒಂದು ಕರೆ ಮಾಡುವುದರಲ್ಲಿ ನಷ್ಟವೇನೂ ಇಲ್ಲ.

ಇನ್ನೊಂದು ಎಚ್ಚರಿಕೆ. "ವಿಳಾಸ ಸರಿಯಿಲ್ಲದೆ ನಿಮ್ಮ ಪಾರ್ಸೆಲ್ ನಿಂತಿದೆ, ಈ ಲಿಂಕ್ ಒತ್ತಿ" ಎಂದು ಅಂಚೆ ಇಲಾಖೆಯ ಹೆಸರಿನಲ್ಲಿ ಸಂದೇಶಗಳು ಬರುತ್ತವೆ. ಒತ್ತಿದರೆ ಮರುವಿತರಣೆಗೆ ಸಣ್ಣ ಮೊತ್ತ ಕೇಳುತ್ತಾರೆ. ಮೊತ್ತ ಸಣ್ಣದು, ಹೋಗುವುದು ಕಾರ್ಡಿನ ಪೂರ್ತಿ ವಿವರ. ಅಂಥ ಲಿಂಕ್ ಮುಟ್ಟಬೇಡಿ.

ಉಪನ್ಯಾಸ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಎದ್ದು ಕೇಳಿದ: "ಟೀಚರ್, ಪಾರ್ಸೆಲ್ ಬಂದಾಗ ಮನೆಗೆ ಬೀಗ ಹಾಕಿತ್ತು. ಅದು ವಾಪಸ್ ಹೋಯಿತು. ಎರಡನೇ ಸಲ ಕಳಿಸೋ ಖರ್ಚು ಯಾರದು?" ಒಳ್ಳೆಯ ಪ್ರಶ್ನೆ, ಅದಕ್ಕೇ ಇಲ್ಲಿ ಸೇರಿಸಿದ್ದೇನೆ. ವಿಳಾಸ, ಪಿನ್ ಕೋಡ್, ಫೋನ್ ನಂಬರ್ ಸರಿಯಿದ್ದು ನೀವು ಸಿಗದೆ ಹೋಗಿದ್ದರೆ ನ್ಯಾಯವಾಗಿ ಖರ್ಚು ನಿಮ್ಮದೇ. ನೀವು ಸರಿಯಾಗಿ ಕೊಟ್ಟ ಪಿನ್ ಕೋಡನ್ನು ಅವರು ತಪ್ಪಾಗಿ ಬರೆದಿದ್ದರೆ ಅವರದು. ಆದರೆ ಎರಡನೇ ಸಲದ ಪ್ರಶ್ನೆಯೇ ಬರದಂತೆ ಮಾಡಬಹುದು. ಅಂಚೆಯಲ್ಲಿ ಬಂದ ಪಾರ್ಸೆಲ್ ಆದರೆ ಅದು ಕೂಡಲೇ ವಾಪಸ್ ಹೋಗುವುದಿಲ್ಲ, ಕೆಲವು ದಿನ ನಿಮ್ಮ ಅಂಚೆ ಕಚೇರಿಯಲ್ಲಿಯೇ ಇರುತ್ತದೆ. ಗುರುತಿನ ಚೀಟಿ ತೆಗೆದುಕೊಂಡು, ಪಾರ್ಸೆಲ್ ನಂಬರ್ ಬರೆದುಕೊಂಡು ಮರುದಿನ ಬೆಳಿಗ್ಗೆಯೇ ಅಲ್ಲಿಗೆ ಹೋಗಿ ಕೇಳು ಎಂದು ಅವನಿಗೆ ಹೇಳಿದೆ.